ರಾಮನ್ ಕಲಿಸಿದ ದೂಳಿನ ಪಾಠ

ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಂಟರ್ನ್‌ಶಿಪ್ ಎಂದರೆ ಎಸಿ ಕೋಣೆ, ಕಂಪ್ಯೂಟರ್, ಕುತ್ತಿಗೆಗೊಂದು ಐಡಿ ಕಾರ್ಡ್ ಎಂದುಕೊಳ್ಳುವವರೇ ಹೆಚ್ಚು. ನನಗೆ ಸಿಕ್ಕಿದ್ದು ಏಣಿ. ಕಳೆದ ರಜೆಯಲ್ಲಿ ನಾಲ್ಕು ವಾರ ಕೆಂಗೇರಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ರಾಜಾಜಿನಗರದಲ್ಲಿ ಇಳಿಯುತ್ತಿದ್ದೆ. ಅಲ್ಲೊಂದು ಹೊಸ ವಾಣಿಜ್ಯ ಕಟ್ಟಡಕ್ಕೆ ಹೊಗೆ ಪತ್ತೆ ಮಾಡುವ ಸ್ಮೋಕ್ ಡಿಟೆಕ್ಟರ್‌ಗಳನ್ನು ಅಳವಡಿಸುವ ತಂಡದಲ್ಲಿ ನಾನು ಸಹಾಯಕ. ಕೆಂಪು ಕೇಬಲ್ ಎಳೆಯುವುದು, ಸೀಲಿಂಗ್‌ಗೆ ಬೇಸ್ ಕೂರಿಸುವುದು, ಮಲ್ಟಿಮೀಟರ್ ಹಿಡಿದು ಲೂಪ್ ಪರೀಕ್ಷಿಸುವುದು ನನ್ನ ಕೆಲಸ.

ಒಂದು ದಿನ ಕೆಟ್ಟುಹೋದ ಡಿಟೆಕ್ಟರ್ ಒಂದನ್ನು ಬಿಚ್ಚಿ ನೋಡಿದೆ. ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ಪುಟ್ಟ ಕೋಣೆ. ಹೊಗೆ ಒಳಗೆ ಬರಬಹುದು, ಹೊರಗಿನ ಬೆಳಕು ಬರಬಾರದು, ಹಾಗೆ ಅಂಕುಡೊಂಕಾದ ದಾರಿ. ಒಂದು ಬದಿಗೆ ಇನ್‌ಫ್ರಾರೆಡ್ ಎಲ್‌ಇಡಿ, ಇನ್ನೊಂದು ಬದಿಗೆ ಬೆಳಕನ್ನು ಗ್ರಹಿಸುವ ಫೋಟೊಡಯೋಡ್. ಎರಡೂ ಎದುರುಬದುರಾಗಿಲ್ಲ, ಓರೆಯಾಗಿವೆ. ಗಾಳಿ ಶುದ್ಧವಾಗಿದ್ದಾಗ ಎಲ್‌ಇಡಿಯ ಬೆಳಕು ಫೋಟೊಡಯೋಡ್ ಮೇಲೆ ಬೀಳುವುದಿಲ್ಲ. ಹೊಗೆ ಒಳಬಂದರೆ ಅದರ ಕಣಗಳಿಗೆ ತಾಗಿದ ಬೆಳಕು ಪಕ್ಕಕ್ಕೆ ಚದುರುತ್ತದೆ. ಆ ಚೂರು ಬೆಳಕೇ ಅಲಾರಂ ಹೊಡೆಸುವುದು.

ಬೆಳಕಿನ ಚದುರುವಿಕೆ ಎಂದ ತಕ್ಷಣ ನನ್ನ ತಲೆಗೆ ಬಂದಿದ್ದು ಸರ್ ಸಿ.ವಿ. ರಾಮನ್. ಇದು ರಾಮನ್ ಪರಿಣಾಮವೇ ಎಂದು ತಂಡದವರ ಮುಂದೆ ಜಂಬದಿಂದ ಹೇಳಿಯೂಬಿಟ್ಟೆ. ಆಮೇಲೆ ಓದಿದಾಗ ತಪ್ಪೆಂದು ಗೊತ್ತಾಯಿತು. ಡಿಟೆಕ್ಟರ್‌ನಲ್ಲಿ ಚದುರಿದ ಬೆಳಕಿನ ಬಣ್ಣ, ಅಂದರೆ ತರಂಗಾಂತರ, ಬದಲಾಗುವುದಿಲ್ಲ. ರಾಮನ್ ಕಂಡುಹಿಡಿದಿದ್ದು ಅಣುಗಳಿಗೆ ತಾಗಿ ಚದುರುವಾಗ ಬಣ್ಣವನ್ನೇ ಬದಲಿಸಿಕೊಳ್ಳುವ, ಅತ್ಯಂತ ಕ್ಷೀಣವಾದ ಬೆಳಕನ್ನು. ಆದರೆ ಈ ತಪ್ಪನ್ನು ತಿದ್ದಿಕೊಳ್ಳಲು ಹೋಗಿ ಅವರ ಜೀವನವನ್ನು ಮೊದಲ ಬಾರಿ ಸರಿಯಾಗಿ ಓದಿದೆ. ಅದಕ್ಕೂ ನನ್ನ ಏಣಿಯ ಕೆಲಸಕ್ಕೂ ಬೇರೊಂದು ನಂಟಿದೆ. ಆ ನಂಟಿನ ಹೆಸರು ದೂಳು.

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಕಾಲೇಜು ಅಧ್ಯಾಪಕರು. ತಂದೆಯ ಕೆಲಸದಿಂದಾಗಿ ಬಾಲ್ಯ ಕಳೆದದ್ದು ವಿಶಾಖಪಟ್ಟಣದಲ್ಲಿ. ನಾವು ಪಿಯುಸಿ ಸೇರಲು ಸಾಲಿನಲ್ಲಿ ನಿಲ್ಲುವ ವಯಸ್ಸಿಗೆ ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಮುಗಿಸಿ ಚಿನ್ನದ ಪದಕ ಪಡೆದಿದ್ದರು. 1906ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜಿನ್‌ನಲ್ಲಿ ಪ್ರಕಟವಾಯಿತು.

ಇಷ್ಟೆಲ್ಲ ಇದ್ದರೂ ವಿಜ್ಞಾನಿಯ ಕೆಲಸ ಸಿಗಲಿಲ್ಲ. ಆ ಕಾಲದಲ್ಲಿ ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗಬೇಕಿತ್ತು. ಅಲ್ಲಿಯ ಹವೆಯನ್ನು ಇವರ ದೇಹ ತಾಳದು ಎಂದು ವೈದ್ಯರು ತಡೆದರು. ಉಳಿದಿದ್ದು ಸ್ಪರ್ಧಾತ್ಮಕ ಪರೀಕ್ಷೆಯ ದಾರಿ. ಹಣಕಾಸು ಸೇವೆಯ ಪರೀಕ್ಷೆ ಬರೆದು ಮೊದಲ ಸ್ಥಾನ ಪಡೆದ ರಾಮನ್ 1907ರಲ್ಲಿ ಕಲ್ಕತ್ತದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಆಗ ಅವರಿಗೆ 18 ವರ್ಷ. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ಮದುವೆಯೂ ಆಗಿತ್ತು.

ಇಂದು ವಿಜಯನಗರದ ಕೋಚಿಂಗ್ ಸೆಂಟರ್‌ಗಳಲ್ಲಿ ರಾತ್ರಿಯವರೆಗೆ ಕೂರುವ ನಮ್ಮ ಗೆಳೆಯರು ಕನಸು ಕಾಣುವುದು ಇಂಥದೇ ಹುದ್ದೆಯನ್ನು. ಅದು ಸಿಕ್ಕ ಮೇಲೆ ರಾಮನ್ ಏನು ಮಾಡಿದರು ಎಂಬುದು ನನಗೆ ಕುತೂಹಲದ ವಿಷಯ. ಕಲ್ಕತ್ತದ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ವರ್ಧನ ಸಂಘದ ಫಲಕ ಅವರ ಕಣ್ಣಿಗೆ ಬಿತ್ತು. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಪ್ರಯೋಗಾಲಯವಿತ್ತು, ಪ್ರಯೋಗ ಮಾಡುವವರು ಇರಲಿಲ್ಲ. ರಾಮನ್ ಕಚೇರಿಗೆ ಹೋಗುವ ಮೊದಲು ಮತ್ತು ಕಚೇರಿ ಮುಗಿದ ಮೇಲೆ ಅಲ್ಲಿ ದುಡಿಯತೊಡಗಿದರು. ನಡುವೆ ರಂಗೂನ್, ನಾಗಪುರಕ್ಕೆ ವರ್ಗವಾದರೂ ಮತ್ತೆ ಕಲ್ಕತ್ತಕ್ಕೆ ಬಂದು ಅದನ್ನೇ ಮುಂದುವರಿಸಿದರು. ಅವರ ಜೊತೆಗಿದ್ದವರು ಆಶುತೋಷ್ ಡೇ. ಕಾಲೇಜಿನ ಮೆಟ್ಟಿಲು ಹತ್ತದ ಈ ಸಹಾಯಕರ ಹೆಸರು ಸಂಶೋಧನಾ ಲೇಖನಗಳಲ್ಲೂ ಬಂದಿದೆ. ಡಿಗ್ರಿ ಇಲ್ಲದ ಎಲೆಕ್ಟ್ರಿಷಿಯನ್‌ಗಳ ಕೈಕೆಳಗೆ ಕೆಲಸ ಕಲಿತ ನನಗೆ ಈ ಸಂಗತಿ ಬಹಳ ಇಷ್ಟವಾಯಿತು.

ಹೀಗೆ ಹತ್ತು ವರ್ಷ. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಆಶುತೋಷ್ ಮುಖರ್ಜಿ ಅವರು ಭೌತವಿಜ್ಞಾನದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ರಾಮನ್ ಅವರನ್ನು ಕರೆದರು. ಸಂಬಳ ಸರ್ಕಾರಿ ನೌಕರಿಗಿಂತ ಕಡಿಮೆ. ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಷರತ್ತು ಬೇರೆ. ಆ ಷರತ್ತಿಗೆ ರಾಮನ್ ಒಪ್ಪಲಿಲ್ಲ. ವಿಶ್ವವಿದ್ಯಾಲಯವೇ ಅದನ್ನು ಕೈಬಿಟ್ಟಿತು. ಅವರು ನೌಕರಿ ಬಿಟ್ಟು ಬಂದರು.

1921ರಲ್ಲಿ ಮೊದಲ ಬಾರಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗಿ ಬರುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಕಾಡಿತು. ಸಮುದ್ರದ ನೀಲಿ ಎಂದರೆ ಆಕಾಶದ ಪ್ರತಿಬಿಂಬ ಎಂದು ದೊಡ್ಡ ವಿಜ್ಞಾನಿ ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ಕೈಯಲ್ಲಿ ಪುಟ್ಟದೊಂದು ನಿಕೋಲ್ ಪ್ರಿಸಂ ಇತ್ತು. ಅದರಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ಕಳೆದು ನೋಡಿದರೂ ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ತೋರಿಸಿದರು. ಅಲ್ಲಿಂದ ಏಳು ವರ್ಷ ಅವರ ಗುಂಪು ದ್ರವಗಳಲ್ಲಿ ಚದುರುವ ಬೆಳಕಿನ ಬೆನ್ನು ಹತ್ತಿತು.

ದೂಳಿನ ಕತೆ ಬರುವುದು ಇಲ್ಲಿ. ಬಾಟಲಿಯಲ್ಲಿ ದ್ರವ ತುಂಬಿ, ಕನ್ನಡಿಯಿಂದ ಬಿಸಿಲನ್ನು ಹಾಯಿಸಿ, ಪಕ್ಕದಿಂದ ನೋಡಬೇಕು. ನಮ್ಮ ಡಿಟೆಕ್ಟರ್‌ನ ಫೋಟೊಡಯೋಡ್ ನೋಡುವಂತೆಯೇ. ದ್ರವದಲ್ಲಿ ಕಣ್ಣಿಗೆ ಕಾಣದಷ್ಟು ದೂಳಿದ್ದರೂ ಅದು ಅಣುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಚದುರಿಸಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. 1923ರಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ಬೇರೆ ಬಣ್ಣದ ತೀರ ಮಸುಕಾದ ಬೆಳಕೊಂದು ಕಂಡಿತು. ದ್ರವದಲ್ಲಿರುವ ಕಶ್ಮಲದಿಂದ ಹೀಗಾಗಿರಬೇಕು ಎಂದುಕೊಂಡರು. ಸಹಜವಾದ ಊಹೆ. ನಾವಾದರೆ ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆವು. ರಾಮನ್ ಬಿಡಲಿಲ್ಲ. ದ್ರವವನ್ನು ಮತ್ತೆ ಮತ್ತೆ ಭಟ್ಟಿಯಿಳಿಸಿ ಶುದ್ಧ ಮಾಡಿಸಿದರು. ಕಶ್ಮಲ ಹೋಯಿತು, ಬೆಳಕು ಹೋಗಲಿಲ್ಲ.

1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ಒಂದೊಂದೇ ದ್ರವವನ್ನು ದೂಳಿಲ್ಲದಂತೆ ಶುದ್ಧಗೊಳಿಸಿ ಪರೀಕ್ಷಿಸಿದರು. ಒಳಹೋಗುವ ಬಿಸಿಲಿಗೆ ನೇರಳೆ ಫಿಲ್ಟರ್, ನೋಡುವ ಕಡೆ ಹಸಿರು ಫಿಲ್ಟರ್. ಬಣ್ಣ ಬದಲಾಗದಿದ್ದರೆ ಕಾಣಬೇಕಾದದ್ದು ಕತ್ತಲೆ. ಆದರೆ ಬೆಳಕಿನ ಗೆರೆ ಕಂಡಿತು. ಫೆಬ್ರುವರಿ 28ರಂದು ಸ್ಪೆಕ್ಟ್ರೊಸ್ಕೋಪ್ ಮೂಲಕ ನೋಡಿ ರಾಮನ್ ಖಚಿತಪಡಿಸಿಕೊಂಡರು. ಹೀಗೆ ಬಣ್ಣ ಬದಲಿಸಿಕೊಳ್ಳುವುದು ಸುಮಾರು ಒಂದು ಕೋಟಿ ಫೋಟಾನ್‌ಗಳಲ್ಲಿ ಒಂದು ಮಾತ್ರ. ಮಾರ್ಚ್ 16ರಂದು ಈ ಹೊಸ ವಿಕಿರಣದ ಬಗ್ಗೆ ಅವರು ವಿವರವಾದ ಉಪನ್ಯಾಸ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಅವರ ಬದುಕಿನ ಉಳಿದ 37 ವರ್ಷಗಳೂ ಈ ಊರಿನಲ್ಲೇ ಕಳೆದವು. ಮನೆ ಮಲ್ಲೇಶ್ವರದಲ್ಲಿ, ಅಂದರೆ ನಾನು ಕೇಬಲ್ ಎಳೆಯುತ್ತಿದ್ದ ರಾಜಾಜಿನಗರದ ಪಕ್ಕದಲ್ಲೇ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದಿದ್ದ ಜಿ.ಎನ್. ರಾಮಚಂದ್ರನ್ ಅವರನ್ನು ಭೌತವಿಜ್ಞಾನಕ್ಕೆ ಎಳೆದುಕೊಂಡವರು ಇವರೇ.

ಎಲ್ಲವೂ ಹೊಗಳುವಂಥದ್ದೇ ಅಲ್ಲ. ಬಂದ ವರ್ಷವೇ ಮುಂಬೈಯ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಷರತ್ತುಗಳ ಮೇಲೆ ಸೇರಿ, ದುಡಿದು, ತನ್ನ ಯೋಗ್ಯತೆ ತೋರಿಸಿದರು. ಮಸುಕಾದ ಬೆಳಕನ್ನೂ ತಳ್ಳಿಹಾಕದ ಮನುಷ್ಯ ಎದುರಿಗೆ ನಿಂತ ಪ್ರತಿಭೆಯನ್ನು ಪರೀಕ್ಷಿಸದೆಯೇ ತಳ್ಳಿಹಾಕಿದ್ದರು. ಆಡಳಿತದ ಜಗಳಗಳೂ ಇದ್ದವು. 1937ರಲ್ಲಿ ನಿರ್ದೇಶಕ ಹುದ್ದೆ ಬಿಡಬೇಕಾಯಿತು. ಆದರೂ ಊರು ಬಿಟ್ಟು ಹೋಗದೆ ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲೇ ದುಡಿದರು.

ನಿವೃತ್ತಿಯ ಹೊತ್ತಿಗೆ ಮೈಸೂರು ಮಹಾರಾಜರು ನೀಡಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿಕೊಂಡರು. ಮೇಖ್ರಿ ವೃತ್ತದ ಹತ್ತಿರ ಇಂದಿಗೂ ಇದೆ. ಶುರುವಿನಲ್ಲಿ ಅಲ್ಲಿಗೆ ವಿದ್ಯುತ್ ಸಂಪರ್ಕವೇ ಇರಲಿಲ್ಲ. ಅರವತ್ತರ ರಾಮನ್ ವೈರಿಂಗ್‌ಗಾಗಿ ಕಾಯಲಿಲ್ಲ. ಕನ್ನಡಿ ಇಟ್ಟು ಬಿಸಿಲನ್ನು ಕೋಣೆಯೊಳಗೆ ತಿರುಗಿಸಿಕೊಂಡು ಪ್ರಯೋಗ ಆರಂಭಿಸಿದರು. 1954ರಲ್ಲಿ ಭಾರತ ರತ್ನ ಬಂದಿತು. 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು. ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಈಗ ನನ್ನ ಏಣಿಯ ಕತೆಗೆ ಬರುತ್ತೇನೆ. ಡಿಟೆಕ್ಟರ್‌ಗೂ ದೂಳು ಶತ್ರು. ಗೋಡೆ ಉಜ್ಜುವಾಗ, ಜಿಪ್ಸಂ ಸೀಲಿಂಗ್ ಮಾಡುವಾಗ ಏಳುವ ದೂಳನ್ನು ಅದು ಹೊಗೆಯೆಂದೇ ತಿಳಿಯುತ್ತದೆ. ಅದಕ್ಕೆ ಕೆಲಸ ಮುಗಿಯುವವರೆಗೆ ಪ್ಲಾಸ್ಟಿಕ್ ಟೋಪಿ ಹಾಕಿರುತ್ತೇವೆ. ಕೊನೆಯಲ್ಲಿ ಪ್ರತಿ ಟೋಪಿ ತೆಗೆದು ಪಟ್ಟಿಯಲ್ಲಿ ಗುರುತು ಹಾಕಬೇಕು. ಮೂರನೇ ಮಹಡಿಯ ಪಟ್ಟಿ ನನ್ನ ಕೈಯಲ್ಲಿತ್ತು. ಎಲೆಕ್ಟ್ರಿಕಲ್ ರೂಮಿಗೆ ಬೀಗ ಹಾಕಿತ್ತು, ಕೀಲಿ ಇದ್ದವರು ಊಟಕ್ಕೆ ಹೋಗಿದ್ದರು. ಒಂದೇ ಡಿಟೆಕ್ಟರ್ ತಾನೇ, ಆಮೇಲೆ ನೋಡಿದರಾಯಿತು ಎಂದು ಗುರುತು ಹಾಕಿದೆ. ಆಮೇಲೆ ಮರೆತೆ.

ಪ್ಯಾನೆಲ್‌ನಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ಬರುತ್ತಿತ್ತು. ತಂತಿ ತುಂಡಾದರೆ, ಡಿಟೆಕ್ಟರ್ ಬಿಚ್ಚಿದರೆ ಪ್ಯಾನೆಲ್‌ಗೆ ಗೊತ್ತಾಗುತ್ತದೆ. ಅದರ ಬಾಯಿಗೆ ಟೋಪಿ ಹಾಕಿದ್ದರೆ ಗೊತ್ತಾಗುವುದಿಲ್ಲ. ಮರುದಿನ ಹಿರಿಯ ಟೆಕ್ನಿಷಿಯನ್ ಒಬ್ಬರು ಉದ್ದ ಕೋಲಿನ ತುದಿಯಿಂದ ಪರೀಕ್ಷೆಯ ಹೊಗೆ ಬಿಟ್ಟಾಗ ಅದು ಕೂಗಲಿಲ್ಲ. ಅವರು ಮೇಲೆ ನೋಡಿದರು, ನನ್ನ ಪಟ್ಟಿ ನೋಡಿದರು, ಏಣಿ ತರಿಸಿ ಟೋಪಿ ತೆಗೆದು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲ್‌ಗಳ ಡಕ್ಟ್‌ನಲ್ಲಿ. ಮಹಡಿಗಳನ್ನು ತುಂಬಿದ್ದು ಹೊಗೆ. ಉಸಿರು ಕಟ್ಟಿದವರಲ್ಲಿ ಕೆಲವರು ಕಿಟಕಿಯಿಂದ ಹಾರಿದರು. ಅವರೆಲ್ಲ ಬೆಳಿಗ್ಗೆ ಕೆಲಸಕ್ಕೆಂದು ಬಂದವರು, ನಾಳೆ ನಾವು ಹೋಗುವ ಹಾಗೆ. ಆ ವಾರದ ಕೊನೆಗೇ ರಾಷ್ಟ್ರೀಯ ವಿಜ್ಞಾನ ದಿನವಿತ್ತು, ಫೆಬ್ರುವರಿ 28. ನಾನು ಟೋಪಿ ತೆಗೆಯದೆ ಬಿಟ್ಟಿದ್ದೂ ವಿದ್ಯುತ್ ಕೇಬಲ್‌ಗಳ ಕೋಣೆಯಲ್ಲೇ. ಇದನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪ್ರತಿವರ್ಷ ವಿಜ್ಞಾನ ದಿನದಂದು ಕಾಲೇಜಿನಲ್ಲಿ ರಾಮನ್ ಫೋಟೊಗೆ ಹಾರ ಹಾಕುತ್ತೇವೆ, ನೊಬೆಲ್ ಬಗ್ಗೆ ಮಾತಾಡುತ್ತೇವೆ. ನನಗೆ ಈಗ ನೆನಪಾಗುವುದು ನೊಬೆಲ್ ಅಲ್ಲ, ಐದು ವರ್ಷ ದ್ರವ ಶುದ್ಧ ಮಾಡಿದ ಆ ಗುಂಪು. ಕಶ್ಮಲ ಇರಬಹುದು ಎಂದುಕೊಂಡು ಸುಮ್ಮನಾಗದೆ, ಹೌದೋ ಅಲ್ಲವೋ ಎಂದು ಕೈಯಾರೆ ಪರೀಕ್ಷಿಸಿದ ತಾಳ್ಮೆ. ಅದಕ್ಕೆ ದೊಡ್ಡ ಬುದ್ಧಿ ಬೇಕಿಲ್ಲ, ನಮ್ಮಂಥವರಿಗೂ ಸಾಧ್ಯ.

ಆ ಟೋಪಿ ಇಂದಿಗೂ ನನ್ನ ಮೇಜಿನ ಮೇಲಿದೆ. ಇಂಟರ್ನ್‌ಶಿಪ್ ಮುಗಿಯಲು ಇನ್ನೂ ಒಂದು ವಾರವಿತ್ತು. ಆ ವಾರ ಪ್ರತಿ ಗುರುತನ್ನೂ ಏಣಿ ಹತ್ತಿ, ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಹಾಕಿದೆ. ಬೀಗ ಹಾಕಿದ ಕೋಣೆ ಸಿಕ್ಕರೆ ಬಾಗಿಲ ಮುಂದೆ ಕೂತು ಕೀಲಿಗಾಗಿ ಕಾದೆ.