ಕಾಲು ಅಲೆಯಷ್ಟು ತಡ: ಅಗಸ್ಟಿನ್ ಫ್ರೆನೆಲ್ ಅವರ ಬದುಕು

ತರಂಗ ದೃಗ್ವಿಜ್ಞಾನದ ಪಾಠದಲ್ಲಿ ಹೈಗೆನ್ಸ್, ಯಂಗ್, ಮಾಲಸ್ ಎಂಬ ಹೆಸರುಗಳ ಜೊತೆಗೆ ಫ್ರೆನೆಲ್ ಎಂಬ ಹೆಸರೂ ಕೇಳಿಬರುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಆ ಹೆಸರಿನ ನಡುವೆ ಒಂದು ಎಸ್ ಅಕ್ಷರ ಇರುತ್ತದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಪರೀಕ್ಷೆಗೆ ಎರಡು ಸಾಲು ಓದಿ ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಆದರೆ ನಮ್ಮ ಜೇಬಿನ ಫೋನಿಗೆ ದಾರಿ ತೋರಿಸುವ ಉಪಗ್ರಹಗಳ ಹಿಂದೆ, ಇನ್ನೂರು ವರ್ಷಗಳ ಹಿಂದೆ ಇದೇ ಮನುಷ್ಯ ಕಂಡುಕೊಂಡ ತತ್ವವೊಂದಿದೆ.

ಅಗಸ್ಟಿನ್ ಫ್ರೆನೆಲ್ ಹುಟ್ಟಿದ್ದು 1788ರ ಮೇ 10ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಬ್ರೋಲಿ ಎಂಬ ಊರಿನಲ್ಲಿ. ತಂದೆ ವಾಸ್ತುಶಿಲ್ಪಿ. ಹುಡುಗನ ಆರೋಗ್ಯ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಓದಿನಲ್ಲಂತೂ ಬಹಳ ಹಿಂದೆ. ಎಂಟು ವರ್ಷವಾದರೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಆದರೆ ಮರದ ಕೊಂಬೆಗಳಿಂದ ಆಟಿಕೆಯ ಬಿಲ್ಲು, ಕೋವಿ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದವೆಂದರೆ, ಮಕ್ಕಳಿಗೆ ಪೆಟ್ಟಾದೀತೆಂದು ಹಿರಿಯರು ಅವನ್ನು ನಿಷೇಧಿಸಬೇಕಾಯಿತು. ಓದಲು ತಡವರಿಸುವ ಈ ಹುಡುಗನನ್ನು ಜೊತೆಗಾರರು ಮಾತ್ರ ಪ್ರತಿಭಾವಂತನೆಂದೇ ಕರೆಯುತ್ತಿದ್ದರು.

ಹದಿನಾರನೆಯ ವಯಸ್ಸಿನಲ್ಲಿ, ಅಂದರೆ ನಮ್ಮ ಪ್ರಥಮ ಪಿಯುಸಿ ವಿದ್ಯಾರ್ಥಿಗಳ ವಯಸ್ಸಿನಲ್ಲಿ, ಅವರು ಪ್ಯಾರಿಸ್ಸಿನ ಹೆಸರಾಂತ ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಬಳಿಕ ರಸ್ತೆ ಮತ್ತು ಸೇತುವೆಗಳ ಇಂಜಿನಿಯರಿಂಗ್ ಕಲಿತು ಸರ್ಕಾರಿ ಕೆಲಸಕ್ಕೆ ಸೇರಿದರು. ಹಗಲಿಡೀ ರಸ್ತೆ ಕಾಮಗಾರಿ, ಕೂಲಿಗಳ ಲೆಕ್ಕ. ಬಿಡುವು ಸಿಕ್ಕಾಗ ಬೆಳಕಿನ ಬಗ್ಗೆ ಯೋಚನೆ. ಹತ್ತಿರದಲ್ಲಿ ಪ್ರಯೋಗಾಲಯವಿರಲಿಲ್ಲ, ಚರ್ಚಿಸಲು ವಿದ್ವಾಂಸರಿರಲಿಲ್ಲ.

1815ರಲ್ಲಿ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ ಮತ್ತೆ ಅಧಿಕಾರ ಹಿಡಿದ. ಫ್ರೆನೆಲ್ ಅವನ ವಿರೋಧಿಗಳ ಪಾಳೆಯ ಸೇರಲು ಹೋದರು. ಅದರ ಫಲವಾಗಿ ಕೆಲಸ ಹೋಯಿತು, ಪೊಲೀಸರ ಕಣ್ಗಾವಲು ಬಂತು. ಕಾನ್ ನಗರದ ಬಳಿಯ ಮಾಥ್ಯೂ ಎಂಬ ಹಳ್ಳಿಯಲ್ಲಿದ್ದ ತಾಯಿಯ ಮನೆಗೆ ಹೋಗಲು ಅನುಮತಿ ಸಿಕ್ಕಿತು. ದಾರಿಯಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾಂಸ್ವಾ ಅರಾಗೊ ಎಂಬ ವಿಜ್ಞಾನಿಯ ಪರಿಚಯವಾಯಿತು. ಆ ಸ್ನೇಹ ಕೊನೆಯವರೆಗೂ ಉಳಿಯಿತು.

ಕೆಲಸ ಕಳೆದುಕೊಂಡವರಿಗೆ ಹಳ್ಳಿಯಲ್ಲಿ ಬೇಕಾದಷ್ಟು ಸಮಯವಿತ್ತು. ಜೇನುತುಪ್ಪದ ಒಂದು ಹನಿಯನ್ನೇ ಮಸೂರವಾಗಿ ಬಳಸಿದರು. ಉಪಕರಣಕ್ಕೆ ಬೇಕಾದ ಲೋಹದ ಭಾಗವನ್ನು ಊರಿನ ಬೀಗ ಮಾಡುವವನಿಂದ ಮಾಡಿಸಿಕೊಂಡರು. ಅಷ್ಟರಲ್ಲೇ ನೆರಳಿನ ಅಂಚಿನಲ್ಲಿ ಕಾಣುವ ಕಪ್ಪು ಬಿಳುಪು ಪಟ್ಟಿಗಳನ್ನು ಅಳೆದು, ಬೆಳಕು ಅಲೆಯೆಂದು ತಿಳಿದರೆ ಆ ಅಳತೆಗಳು ಲೆಕ್ಕಕ್ಕೆ ಸಿಗುತ್ತವೆಂದು ತೋರಿಸಿದರು.

ಆ ಕಾಲದಲ್ಲಿ ಹಾಗೆ ಹೇಳುವುದು ಸುಲಭವಿರಲಿಲ್ಲ. ಲಾಪ್ಲಾಸ್, ಬಯೋ, ಪಾಯ್ಸನ್ ಅವರಂಥ ಘಟಾನುಘಟಿಗಳೆಲ್ಲ ನ್ಯೂಟನ್ನರ ಹಾದಿಯಲ್ಲಿ ಬೆಳಕನ್ನು ಕಣಗಳೆಂದು ನಂಬಿದ್ದವರು. ಫ್ರೆಂಚ್ ವಿಜ್ಞಾನ ಅಕಾಡೆಮಿ ವಿವರ್ತನೆಯ ಬಗ್ಗೆ ಏರ್ಪಡಿಸಿದ ಸ್ಪರ್ಧೆಗೆ ಫ್ರೆನೆಲ್ 1818ರಲ್ಲಿ ಪ್ರಬಂಧ ಕಳುಹಿಸಿದಾಗ ಈ ಮೂವರೂ ತೀರ್ಪುಗಾರರಲ್ಲಿದ್ದರು. ಪ್ರಬಂಧವನ್ನು ಪರಿಶೀಲಿಸಿದ ಪಾಯ್ಸನ್ ಒಂದು ವಿಚಿತ್ರವನ್ನು ಹೆಕ್ಕಿ ತೆಗೆದರು. ಈ ಸಿದ್ಧಾಂತ ಸರಿಯಾದರೆ ದುಂಡನೆಯ ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕಿ ಕಾಣಬೇಕು! ಅರಾಗೊ ಪ್ರಯೋಗ ಮಾಡಿ ನೋಡಿದರು. ಚುಕ್ಕಿ ಅಲ್ಲೇ ಇತ್ತು. 1819ರಲ್ಲಿ ಬಹುಮಾನ ಫ್ರೆನೆಲ್ ಅವರ ಪಾಲಾಯಿತು.

ಇನ್ನೂ ದೊಡ್ಡ ಪ್ರಶ್ನೆಯೊಂದು ಉಳಿದಿತ್ತು. ಒಂದಕ್ಕೊಂದು ಲಂಬವಾಗಿ ಧ್ರುವೀಕರಣಗೊಂಡ ಎರಡು ಕಿರಣಗಳು ಸೇರಿದರೆ ವ್ಯತಿಕರಣದ ಪಟ್ಟಿಗಳು ಮೂಡುವುದೇ ಇಲ್ಲವೆಂದು ಫ್ರೆನೆಲ್ ಮತ್ತು ಅರಾಗೊ ಪ್ರಯೋಗದಿಂದ ಕಂಡುಕೊಂಡಿದ್ದರು. ಏಕೆ? ಬೆಳಕಿನ ಕಂಪನ ಶಬ್ದದಂತೆ ಸಾಗುವ ದಿಕ್ಕಿನಲ್ಲೇ ನಡೆಯುವುದಿಲ್ಲ, ಅದಕ್ಕೆ ಅಡ್ಡಲಾಗಿ ಮಾತ್ರ ನಡೆಯುತ್ತದೆ ಎಂಬುದು ಫ್ರೆನೆಲ್ ಕೊಟ್ಟ ಉತ್ತರ. ಆಗಿನ ವಿದ್ವಾಂಸರಿಗೆ ಇದು ಒಪ್ಪಲಾಗದ ಮಾತು. ಜೊತೆಗೇ ದುಡಿದಿದ್ದ ಅರಾಗೊ ಕೂಡ ಈ ಮಾತಿಗೆ ತಮ್ಮ ಹೆಸರು ಸೇರಿಸಲು ಹಿಂಜರಿದರು. ಗೆಳೆಯನೇ ಹಿಂದೆ ಸರಿದಾಗ ಫ್ರೆನೆಲ್ 1821ರಲ್ಲಿ ಒಬ್ಬರೇ ಅದನ್ನು ಪ್ರಕಟಿಸಿದರು. ಇಂದು ಪಿಯುಸಿ ಓದುವ ಪ್ರತಿಯೊಬ್ಬರಿಗೂ ಬೆಳಕು ಅಡ್ಡ ತರಂಗವೆಂಬುದು ಗೊತ್ತು.

ಈ ಅಡ್ಡ ತರಂಗದ ವಿಚಾರದಿಂದಲೇ ಅವರ ಅತ್ಯಂತ ಸೊಗಸಾದ ಕಲ್ಪನೆ ಹುಟ್ಟಿತು. ಅದನ್ನು ಮನೆಯಲ್ಲೇ ಮಾಡಿ ನೋಡಬಹುದು. ದಾರಕ್ಕೆ ಕಲ್ಲು ಕಟ್ಟಿ ತೂಗುಬಿಡಿ. ಉತ್ತರ ದಕ್ಷಿಣವಾಗಿ ತೂಗಿದರೆ ಅದು ಒಂದೇ ಗೆರೆಯಲ್ಲಿ ಓಡಾಡುತ್ತದೆ. ಇದು ರೇಖೀಯ ಧ್ರುವೀಕರಣ. ಈಗ ಕಲ್ಲು ಉತ್ತರದ ತುದಿ ತಲುಪಿ ಕ್ಷಣ ನಿಂತಾಗ ಪೂರ್ವಕ್ಕೆ ತಕ್ಕಷ್ಟು ತಳ್ಳಿ. ಕಲ್ಲು ವೃತ್ತಾಕಾರವಾಗಿ ಸುತ್ತತೊಡಗುತ್ತದೆ. ಸಮನಾದ ಎರಡು ಕಂಪನಗಳು ಪರಸ್ಪರ ಲಂಬವಾಗಿದ್ದು, ಒಂದು ಇನ್ನೊಂದಕ್ಕಿಂತ ಕಾಲು ಆವರ್ತನೆಯಷ್ಟು ತಡವಾದರೆ ಗೆರೆ ವೃತ್ತವಾಗುತ್ತದೆ. ಬೆಳಕಿನಲ್ಲೂ ಹೀಗೆಯೇ ಆಗುತ್ತದೆಂದು ಅರಿತು 1822ರ ಡಿಸೆಂಬರಿನಲ್ಲಿ ಅಕಾಡೆಮಿಯ ಮುಂದೆ ಅದಕ್ಕೆ ವೃತ್ತೀಯ ಧ್ರುವೀಕರಣವೆಂದು ಹೆಸರಿಟ್ಟವರು ಫ್ರೆನೆಲ್. ರೇಖೀಯ, ವೃತ್ತೀಯ, ದೀರ್ಘವೃತ್ತೀಯ ಎಂಬ ಮೂರು ಹೆಸರುಗಳೂ ಅವರವೇ.

ಬರೀ ಹೆಸರಿಟ್ಟು ಸುಮ್ಮನಾಗಲಿಲ್ಲ. ಗೆರೆಯನ್ನು ವೃತ್ತ ಮಾಡುವ ಸಾಧನವನ್ನೂ ಕೊಟ್ಟರು. ಅದೊಂದು ಓರೆಯಾಗಿ ಕತ್ತರಿಸಿದ ಗಾಜಿನ ದಿಮ್ಮಿ. ಒಳಹೊಕ್ಕ ಬೆಳಕು ಅದರೊಳಗೆ ಎರಡು ಬಾರಿ ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಹೊರಬರುತ್ತದೆ. ವಕ್ರೀಭವನ ಸೂಚ್ಯಂಕ 1.51 ಇರುವ ಗಾಜಿನಲ್ಲಿ ಪತನ ಕೋನ ಸುಮಾರು 54.6 ಡಿಗ್ರಿ ಇದ್ದರೆ, ಪ್ರತಿ ಪ್ರತಿಫಲನದಲ್ಲೂ ಎರಡು ಲಂಬ ಘಟಕಗಳ ನಡುವೆ 45 ಡಿಗ್ರಿ ಪ್ರಾವಸ್ಥಾ ವ್ಯತ್ಯಾಸ ಉಂಟಾಗುತ್ತದೆ. ಎರಡು ಸಲಕ್ಕೆ 90 ಡಿಗ್ರಿ, ಅಂದರೆ ಪೂರ್ಣ ಆವರ್ತನೆಯ ಕಾಲು ಭಾಗ. ಈ ಲೆಕ್ಕವಿದ್ದ ಪ್ರಬಂಧವನ್ನು 1823ರ ಜನವರಿಯಲ್ಲಿ ಅಕಾಡೆಮಿಗೆ ಒಪ್ಪಿಸಿದರು. ಅದು ಎಲ್ಲೋ ಕಳೆದುಹೋಯಿತು. ಕೊನೆಗೆ ಸಿಕ್ಕು ಅಚ್ಚಾದದ್ದು 1831ರಲ್ಲಿ. ಆಗ ಅದನ್ನು ನೋಡಲು ಫ್ರೆನೆಲ್ ಇರಲಿಲ್ಲ.

ಬೆಳಕು ವಿದ್ಯುತ್ಕಾಂತೀಯ ಅಲೆಯೆಂಬುದು ಅವರ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳಲು ಮ್ಯಾಕ್ಸ್‌ವೆಲ್ ಬರಬೇಕಾಯಿತು, ರೇಡಿಯೋ ಅಲೆಗಳನ್ನು ತೋರಿಸಲು ಹರ್ಟ್ಸ್ ಬರಬೇಕಾಯಿತು. ಆದರೆ ಫ್ರೆನೆಲ್ ಹೇಳಿದ ತತ್ವ ರೇಡಿಯೋ ಅಲೆಗೂ ಹಾಗೆಯೇ ಅನ್ವಯಿಸಿತು. ಒಂದು ಸಾದಾ ಸರಳು ಆಂಟೆನಾ ಹೊರಡಿಸುವುದು ರೇಖೀಯ ಅಲೆಯನ್ನು. ಅಂಥ ಎರಡನ್ನು ಕೂಡುಚಿಹ್ನೆಯಂತೆ ಅಡ್ಡಲಾಗಿ ಜೋಡಿಸಿ, ಒಂದಕ್ಕೆ ಹೋಗುವ ಕೇಬಲ್ಲನ್ನು ಕಾಲು ತರಂಗಾಂತರದಷ್ಟು ಉದ್ದ ಮಾಡಿದರೆ ಸಾಕು, ಹೊರಬರುವ ಅಲೆ ಸುತ್ತುತ್ತ ಸಾಗುತ್ತದೆ. ಕೆಲವು ಡಿಶ್ ಆಂಟೆನಾಗಳ ಬಾಯಿಯ ಕೊಳವೆಯೊಳಗೆ ಪ್ಲಾಸ್ಟಿಕ್ಕಿನಂಥ ಒಂದು ಹಲಗೆಯನ್ನು 45 ಡಿಗ್ರಿ ಓರೆಯಾಗಿ ಕೂರಿಸಿರುತ್ತಾರೆ. ಅಲೆಯ ಒಂದು ಘಟಕವನ್ನು ಅದು ಕಾಲು ಆವರ್ತನೆಯಷ್ಟು ತಡೆಯುತ್ತದೆ. ರೇಖೀಯ ಅಲೆ ವೃತ್ತೀಯವಾಗುತ್ತದೆ, ವೃತ್ತೀಯ ಅಲೆ ರೇಖೀಯವಾಗುತ್ತದೆ. ಗಾಜಿನ ದಿಮ್ಮಿ ಬೆಳಕಿಗೆ ಮಾಡಿದ್ದನ್ನೇ ಇದು ರೇಡಿಯೋ ಅಲೆಗೆ ಮಾಡುತ್ತದೆ.

ಇಷ್ಟೆಲ್ಲ ಏಕೆ ಬೇಕು? ರೇಖೀಯ ಅಲೆಯನ್ನು ಹಿಡಿಯಲು ಆಂಟೆನಾ ಅದೇ ದಿಕ್ಕಿಗಿರಬೇಕು. ಪೂರ್ತಿ ಅಡ್ಡವಾದರೆ ಸಂಕೇತ ಬಹುತೇಕ ಸಿಗುವುದೇ ಇಲ್ಲ. ಉಪಗ್ರಹ ತಿರುಗುತ್ತಿರುತ್ತದೆ, ಜೇಬಿನ ಫೋನು ಹೇಗೆಂದರೆ ಹಾಗಿರುತ್ತದೆ, ಸಾಲದ್ದಕ್ಕೆ ಅಯಾನುಗೋಳ ಅಲೆಯ ಕಂಪನದ ದಿಕ್ಕನ್ನೇ ತಿರುಗಿಸಿಬಿಡುತ್ತದೆ. ಸುತ್ತುತ್ತಲೇ ಬರುವ ಅಲೆಗೆ ಈ ತೊಂದರೆ ಇಲ್ಲ. ಅದಕ್ಕೇ ಜಿಪಿಎಸ್ ಉಪಗ್ರಹಗಳೂ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳೂ ಬಲಸುತ್ತಿನ ವೃತ್ತೀಯ ಅಲೆಗಳನ್ನೇ ಕಳುಹಿಸುತ್ತವೆ.

ಫ್ರೆನೆಲ್ ಅವರಿಗೆ ಹೊಟ್ಟೆಪಾಡಿನ ಕೆಲಸ ಮಾತ್ರ ಬೇರೆಯೇ ಇತ್ತು. 1819ರಿಂದ ಅವರು ದೀಪಸ್ತಂಭಗಳ ಆಯೋಗದಲ್ಲಿದ್ದರು. ಲೋಹದ ಕನ್ನಡಿಗಳು ಬೆಳಕಿನ ದೊಡ್ಡ ಪಾಲನ್ನು ನುಂಗಿಬಿಡುತ್ತಿದ್ದವು. ಅವುಗಳ ಬದಲು ಮೆಟ್ಟಿಲು ಮೆಟ್ಟಿಲಾದ ಗಾಜಿನ ಪಟ್ಟಿಗಳಿಂದ ತೆಳುವಾದ ದೊಡ್ಡ ಮಸೂರವನ್ನು ಕಟ್ಟಿದರು. 1823ರ ಜುಲೈನಲ್ಲಿ ಜಿರೋಂಡ್ ನದೀಮುಖದ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಬೆಳಗಿತು. ಆಮೇಲೆ ಪ್ರಪಂಚದ ಕಡಲತೀರಗಳಲ್ಲೆಲ್ಲ ಅದೇ ಬಗೆಯ ಮಸೂರಗಳು ನಾವಿಕರಿಗೆ ದಾರಿ ತೋರಿದವು.

ಅಷ್ಟರಲ್ಲಿ ಕ್ಷಯ ಅವರ ದೇಹವನ್ನು ತಿನ್ನತೊಡಗಿತ್ತು. 1824ರಲ್ಲಿ ರೋಗ ಉಲ್ಬಣಿಸಿದಾಗ ಉಳಿದ ಕೆಲಸಗಳನ್ನು ಬಿಟ್ಟು, ಇದ್ದ ಶಕ್ತಿಯನ್ನು ದೀಪಸ್ತಂಭಗಳಿಗೆ ಮೀಸಲಿಟ್ಟರು. ಕೊನೆಯ ದಿನಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೊಟ್ಟ ರಮ್‌ಫೋರ್ಡ್ ಪದಕವನ್ನು ಹಾಸಿಗೆಯ ಬಳಿಗೆ ತಂದುಕೊಟ್ಟವರು ಅದೇ ಹಳೆಯ ಗೆಳೆಯ ಅರಾಗೊ. 1827ರ ಜುಲೈ 14ರಂದು ಪ್ಯಾರಿಸ್ ಬಳಿಯ ವಿಲ್ ದಾವ್ರೆಯಲ್ಲಿ ಫ್ರೆನೆಲ್ ತೀರಿಕೊಂಡರು. ಆಗ ಅವರಿಗೆ 39 ವರ್ಷ. ದೀಪಸ್ತಂಭಗಳ ಕೆಲಸವನ್ನು ತಮ್ಮ ಲಿಯೋನೋರ್ ಮುಂದುವರಿಸಿದರು. ಕಾಲೇಜಿನಲ್ಲಿ ಅರಬ್ಬಿ ಭಾಷೆ ಆಯ್ದುಕೊಂಡವರು ಅವರ ಇನ್ನೊಬ್ಬ ತಮ್ಮನ ಹೆಸರನ್ನೂ ತಿಳಿದಿರಬೇಕು. ಫುಲ್ಜಾನ್ಸ್ ಫ್ರೆನೆಲ್ ಅರಬ್ಬಿ ವಿದ್ವಾಂಸರಾಗಿ, ಪ್ರಾಚೀನ ಅರಬರ ಇತಿಹಾಸದ ಬಗ್ಗೆ ಬರೆದು, ಜಿದ್ದಾದಲ್ಲಿ ಫ್ರಾನ್ಸಿನ ಕಾನ್ಸುಲ್ ಆಗಿದ್ದು, 1855ರಲ್ಲಿ ಬಗ್ದಾದಿನಲ್ಲಿ ಕೊನೆಯುಸಿರೆಳೆದರು.

ಎಂಟನೆಯ ವಯಸ್ಸಿನಲ್ಲಿ ಓದಲು ಬಾರದ ಹುಡುಗ ಮುಂದೆ ಬೆಳಕಿನ ಸ್ವಭಾವವನ್ನೇ ಓದಿ ಹೇಳಿದ. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಕುಗ್ಗಿರುವ ಗೆಳೆಯರು ನಮ್ಮ ತರಗತಿಗಳಲ್ಲೂ ಇದ್ದಾರೆ. ಅವರಿಗೆ ಇಷ್ಟು ಹೇಳಬಹುದು: ಎರಡು ಕಂಪನಗಳು ಒಟ್ಟಿಗೇ ಹೊರಟರೆ ಸಿಗುವುದು ಗೆರೆ ಮಾತ್ರ. ಅವುಗಳಲ್ಲೊಂದು ಸ್ವಲ್ಪ ತಡವಾಗಿ ಬಂದಾಗಲೇ ವೃತ್ತ ಮೂಡುವುದು.