ದೇಹದ ಕಾವಲುಗಾರರನ್ನು ಕಂಡ ಮೆಚ್ನಿಕಾಫ್

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಬಾತು ಕೀವು ತುಂಬುವುದನ್ನು ನಾವೆಲ್ಲರೂ ಬಲ್ಲೆವು. ಅಲ್ಲಿ ನಡೆಯುವ ಕಾಳಗದ ಗುಟ್ಟನ್ನು ಜಗತ್ತಿಗೆ ತಿಳಿಸಿದವರು ಇಲ್ಯಾ ಮೆಚ್ನಿಕಾಫ್.

ಇವರು 1845ರಲ್ಲಿ ಖಾರ್ಕಿವ್ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದರು. ಇಂದು ಯುಕ್ರೇನಿನಲ್ಲಿರುವ ಆ ಊರು ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ನಾಲ್ಕು ವರ್ಷಗಳ ವಿಶ್ವವಿದ್ಯಾಲಯದ ಓದನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಈ ಪ್ರತಿಭಾವಂತರ ಬಾಳು ಸುಗಮವಾಗಿರಲಿಲ್ಲ. ಪತ್ನಿ ಲುದ್ಮಿಲಾ 1873ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ ಬದುಕೇ ಬೇಡವೆನಿಸಿತು. ಎರಡನೆಯ ಪತ್ನಿ ಓಲ್ಗಾ ವಿಷಮಶೀತ ಜ್ವರಕ್ಕೆ ತುತ್ತಾಗಿಯೂ ಬದುಕುಳಿದರು. ದೇಹವು ರೋಗವನ್ನು ಎದುರಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಅವರಿಂದಲೇ ಬರಲಿತ್ತು.

1882ರಲ್ಲಿ ಅವರು ಇಟಲಿಯ ಮೆಸ್ಸಿನಾ ಕಡಲತೀರದಲ್ಲಿದ್ದರು. ನಕ್ಷತ್ರ ಮೀನಿನ ಮರಿಯ ದೇಹ ಗಾಜಿನಂತೆ ಪಾರದರ್ಶಕ. ಅದರೊಳಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟು ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲೆದಾಡುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು! ಹೊರಗಿನಿಂದ ಬಂದುದನ್ನು ನುಂಗಿ ಅರಗಿಸುವ ಇಂತಹ ಕೋಶಗಳಿಗೆ ಭಕ್ಷಕಕೋಶಗಳೆಂದು ಹೆಸರಾಯಿತು. ಅನೇಕ ಪಂಡಿತರು ಇದನ್ನು ಒಪ್ಪಲಿಲ್ಲ. ಅವರು ಎದೆಗುಂದದೆ 1888ರಿಂದ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದರು. 1908ರಲ್ಲಿ ಪಾಲ್ ಎರ್ಲಿಕ್ ಅವರೊಡನೆ ನೊಬೆಲ್ ಪ್ರಶಸ್ತಿ ಪಡೆದರು.

ಅವರ ಗಮನ ಕರುಳಿನತ್ತಲೂ ಹರಿಯಿತು. ಹುಳಿ ಹಾಲಿನ ಸೂಕ್ಷ್ಮಜೀವಿಗಳು ಕರುಳನ್ನು ಕಾಪಾಡಿ ಆಯುಷ್ಯವನ್ನು ಹೆಚ್ಚಿಸುತ್ತವೆಂದು ನಂಬಿ ತಾವೂ ದಿನವೂ ಸೇವಿಸುತ್ತಿದ್ದರು. ಮೊಸರಿನಿಂದ ಮುಪ್ಪು ದೂರವಾಗುವುದೆಂಬುದು ಸಿದ್ಧವಾಗಲಿಲ್ಲ. ಆದರೆ ಕರುಳಿಗೂ ಆರೋಗ್ಯಕ್ಕೂ ಇರುವ ನಂಟು ನಿಜವಾಯಿತು. ದೇಹದ ರಕ್ಷಕ ಕೋಶಗಳು ಕರುಳಿನಲ್ಲಿಯೂ ಇವೆ.

ಇಂದಿನ ಪ್ರಯೋಗಶಾಲೆಗಳಲ್ಲಿ ಆ ಕೋಶಗಳನ್ನು ಬೇರ್ಪಡಿಸಿ ಪರೀಕ್ಷಿಸುತ್ತಾರೆ. ಕರುಳಿನ ತುಂಡನ್ನು ತೊಳೆದು, ಕ್ಯಾಲ್ಸಿಯಂ ಹೀರುವ ದ್ರಾವಣದಲ್ಲಿ ಅಲುಗಾಡಿಸಿದರೆ ಒಳಪೊರೆಯ ಮೇಲ್ಪದರದ ಕೋಶಗಳು ಕಳಚುತ್ತವೆ. ಉಳಿದುದನ್ನು ಸಣ್ಣಗೆ ಕತ್ತರಿಸಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಿಣ್ವದೊಡನೆ ಇಡುತ್ತಾರೆ. ಕಿಣ್ವವು ಅತಿಯಾದರೆ ಕೋಶಗಳೇ ಸಾಯುತ್ತವೆ, ಕಡಿಮೆಯಾದರೆ ಬಿಡಿಯಾಗುವುದಿಲ್ಲ. ಅನಂತರ ಸೋಸಿ, ಬೇರೆ ಬೇರೆ ಸಾಂದ್ರತೆಯ ದ್ರವದ ಪದರಗಳಲ್ಲಿಟ್ಟು ಯಂತ್ರದಲ್ಲಿ ವೇಗವಾಗಿ ತಿರುಗಿಸುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ತೇಲಿಬರುವಂತೆ, ಕೋಶಗಳು ತಮ್ಮ ಸಾಂದ್ರತೆಗೆ ತಕ್ಕ ಪದರದಲ್ಲಿ ನಿಲ್ಲುತ್ತವೆ. ಕರುಳಿನ ಬೇನೆಗಳ ಕಾರಣವನ್ನು ಅರಿಯಲು ಇದು ನೆರವಾಗುತ್ತದೆ.

1916ರಲ್ಲಿ ಮೆಚ್ನಿಕಾಫ್ ಪ್ಯಾರಿಸಿನಲ್ಲಿ ಕಣ್ಮುಚ್ಚಿದರು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿಯೇ ಇರಿಸಲಾಗಿದೆ. ಒಂದು ಮುಳ್ಳು, ಒಂದು ನಕ್ಷತ್ರ ಮೀನಿನ ಮರಿ, ಕಣ್ತೆರೆದು ನೋಡುವ ತಾಳ್ಮೆ: ಇಷ್ಟರಿಂದಲೇ ವೈದ್ಯವಿಜ್ಞಾನಕ್ಕೆ ಹೊಸ ಹಾದಿ ತೆರೆಯಿತೆಂಬುದನ್ನು ನಾವು ಮರೆಯದಿರೋಣ.