ಕಣ್ಣಿಲ್ಲದವನು ಕಂಡ ಸಂಖ್ಯೆ

ದಿನದ ಲೆಕ್ಕ ತಾಳೆಯಾಗದಿದ್ದರೆ ನಾವು ಬ್ಯಾಂಕಿನವರು ಒಂದು ರಾತ್ರಿ ಹೊತ್ತಾಗಿ ಮನೆ ಸೇರುತ್ತೇವೆ. ಒಂದೇ ಲೆಕ್ಕದ ಸಂದೇಹವನ್ನು ಇಪ್ಪತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡು, ಎರಡು ಕಣ್ಣೂ ಹೋದ ಮೇಲೆ ಅದನ್ನು ತೀರಿಸಿದವನೊಬ್ಬನಿದ್ದನು. ಆತನೇ ಗಣಿತಜ್ಞ ಲಿಯೊನಾರ್ಡ್ ಆಯ್ಲರ್.

ಆಯ್ಲರ್ ಜನಿಸಿದ್ದು 1707ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ತಂದೆ ಪಾದ್ರಿ, ಮಗನೂ ಪಾದ್ರಿಯಾಗಲೆಂದು ಆತನ ಆಸೆ. ಗುರು ಯೋಹಾನ್ ಬರ್ನೂಲಿಯು ಹುಡುಗನನ್ನು ಗಣಿತಕ್ಕೆ ಉಳಿಸಿಕೊಟ್ಟನು. ಆದರೆ ಹುಟ್ಟಿದೂರಿನಲ್ಲಿ ಕೆಲಸ ಸಿಗಲಿಲ್ಲ. 1727ರಲ್ಲಿ, ಇಪ್ಪತ್ತರ ಹೊಸ್ತಿಲಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೆ ಹೊರಟನು. ಊರು ಬಿಟ್ಟು ಬಂದ ನಮಗೆ ಆ ಪ್ರಯಾಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೇ 1738ರ ಸುಮಾರಿಗೆ ಬಲಗಣ್ಣು ಹೋಯಿತು. 1741ರಲ್ಲಿ ಬರ್ಲಿನ್ ಸೇರಿ, 1766ರಲ್ಲಿ ಮತ್ತೆ ಪೀಟರ್ಸ್‌ಬರ್ಗಿಗೆ ಮರಳಿದನು.

ಸಂದೇಹದ ಸಂಖ್ಯೆ ಇದು: ಎರಡನ್ನು ಮೂವತ್ತೊಂದು ಸಲ ಒಂದಕ್ಕೊಂದು ಗುಣಿಸಿ ಒಂದನ್ನು ಕಳೆದರೆ 2147483647 ಬರುತ್ತದೆ, ಎಂದರೆ 214 ಕೋಟಿಗೂ ಮೇಲೆ. ಇದು ಅವಿಭಾಜ್ಯವೇ, ಅಂದರೆ ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ? ತರುಣನಾಗಿದ್ದಾಗ ಆಯ್ಲರ್ ಹೌದೆಂದು ಬರೆದುಬಿಟ್ಟಿದ್ದನು. ಆದರೆ ಅದೇ ಪಟ್ಟಿಯಲ್ಲಿ ಮೂವತ್ತೊಂದರ ಬದಲು ನಲವತ್ತೊಂದು, ನಲವತ್ತೇಳು ಸಲ ಗುಣಿಸಿದ ಸಂಖ್ಯೆಗಳನ್ನೂ ಸೇರಿಸಿದ್ದನು, ಅವೆರಡೂ ತಪ್ಪು. ದೊಡ್ಡವರೂ ಕೂಡುವಾಗ ಎಡವುತ್ತಾರೆಂಬುದು ನಮ್ಮಂಥವರಿಗೆ ಸ್ವಲ್ಪ ಸಮಾಧಾನ! 1752ರಲ್ಲಿ ಗೋಲ್ಡ್‌ಬಾಕ್‌ಗೆ ಬರೆದ ಕಾಗದದಲ್ಲಿ ಮೂವತ್ತೊಂದರ ವಿಷಯ ತನಗಿನ್ನೂ ನಿಶ್ಚಯವಿಲ್ಲವೆಂದು ಒಪ್ಪಿಕೊಂಡನು.

1771 ಕೆಟ್ಟ ವರ್ಷ. ಮನೆಗೆ ಬೆಂಕಿ ಬಿತ್ತು. ಕಣ್ಣು ಕಾಣದೆ ಒಳಗೆ ಸಿಕ್ಕಿಕೊಂಡಿದ್ದ ವೃದ್ಧನನ್ನು ಪೀಟರ್ ಗ್ರಿಮ್ ಎಂಬ ಕೆಲಸಗಾರನು ಹೊತ್ತು ಹೊರತಂದನು. ಅವನೂ ಬಾಸೆಲಿನವನೇ, ಪರಸ್ಥಳದಲ್ಲಿ ಆಪತ್ತಿಗಾದವನು ಊರಿನವನು. ಎಡಗಣ್ಣಿನ ಪೊರೆಗೆ ಮಾಡಿಸಿದ ಶಸ್ತ್ರಚಿಕಿತ್ಸೆಯೂ ಫಲಿಸದೆ ಪೂರ್ಣ ಕತ್ತಲೆಯಾಯಿತು.

ಮರುವರ್ಷ, 1772ರಲ್ಲಿ, ಆ ಸಂಖ್ಯೆ ಅವಿಭಾಜ್ಯವೇ ಸರಿಯೆಂದು ಬರ್ನೂಲಿ ಮನೆತನದವನೊಬ್ಬನಿಗೆ ತಿಳಿಸಿದನು. ನೇರ ದಾರಿಯಲ್ಲಿ ಹೋದರೆ 46340ರ ಒಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. ಅವು ನಾಲ್ಕು ಸಾವಿರಕ್ಕೂ ಮೀರಿವೆ. ಆಯ್ಲರ್ ಬೇರೆ ದಾರಿ ಹಿಡಿದನು. ಈ ಸಂಖ್ಯೆಗೆ ಭಾಜಕವೇನಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷವು 1 ಇಲ್ಲವೆ 63 ಆಗಿರಲೇಬೇಕೆಂದು ಕಂಡುಕೊಂಡನು. ಆಗ ಉಳಿದವು ಹೆಚ್ಚೆಂದರೆ 372. ಅವುಗಳಲ್ಲಿ ಒಂದೂ ಸರಿಹೋಗಲಿಲ್ಲ. ಇದಕ್ಕಿಂತ ದೊಡ್ಡ ಅವಿಭಾಜ್ಯವನ್ನು ಮುಕ್ಕಾಲು ಶತಮಾನಕ್ಕೂ ಮೀರಿ ಯಾರೂ ತೋರಿಸಲಿಲ್ಲ.

1783ರ ಸೆಪ್ಟೆಂಬರ್ 18ರಂದು ಆಯ್ಲರ್ ಪೀಟರ್ಸ್‌ಬರ್ಗಿನಲ್ಲಿ ತೀರಿಕೊಂಡನು. ಆ ದಿನವೂ ಹೊಸದಾಗಿ ಕಂಡಿದ್ದ ಯುರೇನಸ್ ಗ್ರಹದ ಲೆಕ್ಕದ ಮಾತಾಡಿದ್ದನು. ಸಮಾಧಿ ಆ ನಗರದಲ್ಲಿಯೇ ಇದೆ. 1727ರಲ್ಲಿ ಬಿಟ್ಟ ಬಾಸೆಲಿಗೆ ಆತನು ಮತ್ತೆ ಹೋಗಲೇ ಇಲ್ಲ.